ಪೆನ್ ಪ್ಲಾಟರ್‌ನಲ್ಲಿ ಗೆರೆ ಕೆಟ್ಟರೆ: ಪೆನ್ನುಗಳ ದೋಷಪತ್ತೆ ಮತ್ತು ಆರೈಕೆ

ಪೆನ್ ಪ್ಲಾಟರ್ ಎಂದರೆ ಕಂಪ್ಯೂಟರಿನ ಆದೇಶದಂತೆ ನಿಜವಾದ ಪೆನ್ನು ಹಿಡಿದು ಹಾಳೆಯ ಮೇಲೆ ಚಿತ್ರ ಬಿಡಿಸುವ ಯಂತ್ರ. ಕೈಯಲ್ಲಿ ಸರಾಗವಾಗಿ ಬರೆಯುತ್ತಿದ್ದ ಪೆನ್ನು ಪ್ಲಾಟರ್‌ಗೆ ಸಿಕ್ಕಿಸಿದ ಕೂಡಲೇ ಗೆರೆ ತಪ್ಪಿಸತೊಡಗುವುದು ಈ ಯಂತ್ರ ಬಳಸುವವರೆಲ್ಲ ಎದುರಿಸುವ ತೊಂದರೆ. ಬರೆಯುವಾಗ ನಮ್ಮ ಕೈ ನಮಗೇ ಗೊತ್ತಾಗದಂತೆ ಹಲವು ತಿದ್ದುಪಡಿಗಳನ್ನು ಮಾಡುತ್ತಿರುತ್ತದೆ. ಶಾಯಿ ಬಾರದಿದ್ದರೆ ತುಸು ಒತ್ತುತ್ತದೆ, ನಿಬ್ಬನ್ನು ಕೊಂಚ ಹೊರಳಿಸುತ್ತದೆ, ಹಾಳೆ ಉಬ್ಬಿದಲ್ಲಿ ತಾನೂ ಮೇಲೇಳುತ್ತದೆ, ಅಂಚಿನಲ್ಲಿ ಒಮ್ಮೆ ಗೀಚಿ ನೋಡಿ ಮುಂದುವರಿಯುತ್ತದೆ. ಪ್ಲಾಟರ್ ಇವುಗಳಲ್ಲಿ ಒಂದನ್ನೂ ಮಾಡುವುದಿಲ್ಲ. ಪೆನ್ನಿನಿಂದ ಶಾಯಿ ಬರುತ್ತಿದೆಯೋ ಇಲ್ಲವೋ ಎಂಬುದೂ ಅದಕ್ಕೆ ತಿಳಿಯದು. ಆದ್ದರಿಂದ ಕೈ ಮಾಡುತ್ತಿದ್ದ ತಿದ್ದುಪಡಿಗಳನ್ನು ಚಿತ್ರ ಆರಂಭಿಸುವ ಮೊದಲೇ ಮಾಡಿಟ್ಟುಕೊಳ್ಳುವುದು ಯಂತ್ರ ನಡೆಸುವವರ ಕೆಲಸವಾಗುತ್ತದೆ.

ಆಕ್ಸಿಡ್ರಾದಂತಹ ಸಿದ್ಧ ಯಂತ್ರಗಳಿಗೂ, ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಫಲಕ ಮತ್ತು ಅದರಲ್ಲಿ ನಡೆದು ಯಂತ್ರವನ್ನು ಚಲಿಸುವ ಜಿಆರ್‌ಬಿಎಲ್ ತಂತ್ರಾಂಶ ಬಳಸಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿಕೊಳ್ಳುವ ಪ್ಲಾಟರ್‌ಗಳಿಗೂ ಇಲ್ಲಿನ ಸಲಹೆಗಳು ಒಂದೇ ರೀತಿ ಅನ್ವಯಿಸುತ್ತವೆ. 1980ರ ದಶಕದ ಎಚ್‌ಪಿ 7475ಎಯಂತಹ ಹಳೆಯ ಯಂತ್ರಗಳ ವಿಶೇಷಗಳನ್ನು ‘ಹಳೆಯ ಯಂತ್ರಗಳಲ್ಲಿ’ ಎಂಬ ಭಾಗದಲ್ಲಿ ಬೇರೆಯಾಗಿ ಹೇಳಿದೆ.

ತಪ್ಪು ಪೆನ್ನಿನದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಗೆರೆ ತುಂಡಾದರೆ ಎಲ್ಲರೂ ಮೊದಲು ಬೈಯುವುದು ಪೆನ್ನನ್ನು. ಆದರೆ ಹಾಳೆ, ಹಾಸುಹಲಗೆ, ಪೆನ್ ಹಿಡಿಕೆ, ವೇಗ ಮತ್ತು ಚಿತ್ರದ ಕಡತ, ಈ ಐದರಲ್ಲಿ ಯಾವುದು ಕೆಟ್ಟರೂ ಗೆರೆ ತುಂಡಾಗುತ್ತದೆ. ಬೇರ್ಪಡಿಸಿ ನೋಡಲು ಎರಡು ಪರೀಕ್ಷೆಗಳು ಸಾಕು.

ಮೊದಲನೆಯದು ಯಂತ್ರದ ಹೊರಗೆ ಮಾಡುವಂಥದ್ದು. ಪೆನ್ನನ್ನು ಬರೆಯುವಂತೆ ಹಿಡಿಯದೆ, ಅದರ ಮೇಲ್ತುದಿಯನ್ನು ಎರಡು ಬೆರಳುಗಳ ನಡುವೆ ಸಡಿಲವಾಗಿ ಹಿಡಿದು, ನೆಟ್ಟಗೆ ನಿಲ್ಲಿಸಿ, ಒಂದಿಷ್ಟೂ ಒತ್ತದೆ ಸ್ಕೇಲಿನ ಗುಂಟ ಎಳೆಯಿರಿ. ಪೆನ್ನಿನ ಸ್ವಂತ ತೂಕವೊಂದೇ ಹಾಳೆಯ ಮೇಲೆ ಬೀಳಬೇಕು. ಓರೆಯಾಗಿ ಹಿಡಿದು ಒತ್ತಿದಾಗ ಬರೆದು, ಹೀಗೆ ಎಳೆದಾಗ ಬರೆಯದ ಪೆನ್ನು ಕೆಟ್ಟಿದೆಯೆಂದೇನೂ ಅಲ್ಲ, ಆದರೆ ತೂಕದ ಮೇಲಷ್ಟೇ ನಡೆಯುವ ಯಂತ್ರಕ್ಕೆ ಅದು ಒಗ್ಗುವುದಿಲ್ಲ. ಎಣ್ಣೆ ಆಧಾರಿತ ಶಾಯಿಯ ಸಾಮಾನ್ಯ ಬಾಲ್ ಪೆನ್ನುಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿಯೇ ಸೋಲುತ್ತವೆ. ಅವುಗಳನ್ನು ಬಳಸಲೇಬೇಕೆಂದಿದ್ದರೆ ಹಿಡಿಕೆಗೆ ಸಣ್ಣ ತೂಕವನ್ನೋ ಹಗುರವಾದ ಸ್ಪ್ರಿಂಗನ್ನೋ ಸೇರಿಸಬೇಕಾಗುತ್ತದೆ.

ಎರಡನೆಯದು ಯಂತ್ರದ ಮೇಲೆ ಮಾಡುವ ಪರೀಕ್ಷೆ. ಹಾಳೆಯ ಒಂದು ಮೂಲೆಗೆ ಪೆನ್ಸಿಲ್ ಗುರುತು ಹಾಕಿ ಚಿತ್ರ ಬಿಡಿಸಿ. ನಂತರ ಅದೇ ಹಾಳೆಯನ್ನು ಅರ್ಧ ಸುತ್ತು ತಿರುಗಿಸಿಟ್ಟು, ಬೇರೆ ಬಣ್ಣದ ಅದೇ ಬಗೆಯ ಪೆನ್ನಿನಿಂದ ಮತ್ತೆ ಬಿಡಿಸಿ. ಗೆರೆ ತಪ್ಪುವ ಜಾಗ ಹಾಸುಹಲಗೆಯ ಒಂದೇ ಕಡೆ ನಿಂತರೆ ಹಲಗೆ ಮಟ್ಟವಾಗಿಲ್ಲ. ಅದು ಹಾಳೆಯ ಜೊತೆ ತಿರುಗಿದರೆ ಹಾಳೆಯಲ್ಲಿಯೇ ದೋಷವಿದೆ. ಬಹಳ ಸಲ ಅದು ಬೆರಳಿನ ಜಿಡ್ಡು. ಹಲಗೆ ಮಟ್ಟವಾಗಿದ್ದೂ, ಚಿತ್ರವನ್ನು ಹಾಳೆಯ ಬೇರೆ ಭಾಗಕ್ಕೆ ಸರಿಸಿದ ಮೇಲೂ ಅದೇ ಆಕೃತಿಯಲ್ಲಿ ತಪ್ಪು ಮರುಕಳಿಸಿದರೆ ವೇಗವನ್ನು ಅಥವಾ ಕಡತವನ್ನು ಅನುಮಾನಿಸಬೇಕು. ಎಲ್ಲೆಂದರಲ್ಲಿ, ಯಾವ ಕ್ರಮವೂ ಇಲ್ಲದೆ ತಪ್ಪುತ್ತಿದ್ದರೆ ಮಾತ್ರ ಅಪರಾಧಿ ಪೆನ್ನು.

ಹಾಸುಹಲಗೆಯ ಮಟ್ಟ ನೋಡಲು ವಿಶೇಷ ಸಾಧನ ಬೇಕಿಲ್ಲ. ನಿಬ್ಬಿನ ಕೆಳಗೆ ಸಣ್ಣ ಕಾಗದದ ಚೂರು ಜಾರಿ ಹೋಗುವಷ್ಟು ಮಾತ್ರ ಜಾಗ ಬಿಟ್ಟು ಪೆನ್ನನ್ನು ಬಿಗಿಮಾಡಿ, ನಾಲ್ಕು ಮೂಲೆಗಳಿಗೂ ನಡುಭಾಗಕ್ಕೂ ಒಯ್ದು ಚೂರನ್ನು ಸರಿಸಿ ನೋಡಿ. ಒಂದು ಕಡೆ ಅದು ಸಿಕ್ಕಿಕೊಂಡು ಇನ್ನೊಂದು ಕಡೆ ಸಡಿಲವಾದರೆ, ಸಡಿಲವಾದ ಮೂಲೆಯ ಅಡಿಗೆ ರಟ್ಟಿನ ತುಂಡು ಕೊಟ್ಟು ಎತ್ತರಿಸಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಹಲಗೆ ಮಟ್ಟವಾಗಿದ್ದರೂ ಹಾಳೆಯೇ ತೇವ ಹೀರಿಕೊಂಡು ಅಲೆಯಲೆಯಾಗಿ ಏಳುವುದುಂಟು. ಹಾಳೆಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಮುಚ್ಚಿ, ಮೇಲೆ ಭಾರವಿಟ್ಟು ಕಾಪಾಡುವುದೂ, ಯಂತ್ರದ ಮೇಲೆ ನಾಲ್ಕು ಮೂಲೆಗಳಷ್ಟೇ ಅಲ್ಲದೆ ನಾಲ್ಕು ಅಂಚುಗಳ ನಡುವೆಯೂ ಮಾಸ್ಕಿಂಗ್ ಟೇಪ್ ಹಾಕುವುದೂ ಇದಕ್ಕೆ ಇರುವ ಉಪಾಯ.

ಗೆರೆಯೇ ಹೇಳುತ್ತದೆ

ಪ್ರತಿ ಹೊಸ ಪೆನ್ನಿಗೂ ಒಂದು ಪರೀಕ್ಷಾ ಹಾಳೆ ಬಿಡಿಸುವ ಅಭ್ಯಾಸ ಒಳ್ಳೆಯದು. ಅದರಲ್ಲಿ 5 ಮಿ.ಮೀ. ಉದ್ದದ ಸಣ್ಣ ಗೆರೆಗಳ ಒಂದು ಸಾಲು, 200 ಮಿ.ಮೀ.ನ ಒಂದು ನೇರ ಗೆರೆ, ಒಂದರೊಳಗೊಂದು ಕೂತ ಕೆಲವು ಚೌಕಗಳು, ಒಂದು ಸುರುಳಿ ಮತ್ತು ಮೂಲೆಗಳಲ್ಲಿ ಪುಟ್ಟ ವೃತ್ತಗಳು ಇದ್ದರೆ ಸಾಕು. ಇದನ್ನು ಭೂತಗನ್ನಡಿಯಿಂದ ನೋಡಬೇಕು. ಬರಿಗಣ್ಣಿಗೆ ಒಂದೇ ಎನಿಸುವ ಎರಡು ದೋಷಗಳಿಗೆ ಕಾರಣ ಬೇರೆ ಬೇರೆ ಇರುತ್ತದೆ.

ಸಣ್ಣ ಗೆರೆಗಳ ಸಾಲಿನಲ್ಲಿ ಪ್ರತಿ ಗೆರೆಯ ಮೊದಲ ತುದಿಯನ್ನು ಗಮನಿಸಿ. ಮೊದಲು ಒಂದು ಚುಕ್ಕಿ, ಬಳಿಕ ಕೂದಲೆಳೆಯಷ್ಟು ಖಾಲಿ ಜಾಗ, ಆಮೇಲೆ ಪೂರ್ಣ ಗೆರೆ ಹೀಗೆ ಕಂಡರೆ ಪೆನ್ನು ಹಾಳೆಗೆ ಬಡಿದು ಮೇಲಕ್ಕೆ ಪುಟಿಯುತ್ತಿದೆ ಎಂದರ್ಥ. ಸರ್ವೋ ಮೋಟರ್ ಪೆನ್ನನ್ನು ಒಮ್ಮೆಲೇ ಕೈಬಿಡುವ ಯಂತ್ರಗಳಲ್ಲಿ ಇದು ಸಾಮಾನ್ಯ. ಪೆನ್ನು ಇಳಿಯುವ ವೇಗವನ್ನು ತಗ್ಗಿಸಬೇಕು, ಜೊತೆಗೆ ಎತ್ತುವ ಎತ್ತರವನ್ನು 3–4 ಮಿ.ಮೀ.ಗೆ ಸೀಮಿತಗೊಳಿಸಬೇಕು, ಅದಕ್ಕಿಂತ ಹೆಚ್ಚು ಎತ್ತಿದರೆ ಸಮಯವೂ ದಂಡ, ನಿಬ್ಬಿಗೂ ಪೆಟ್ಟು. ಚುಕ್ಕಿಯೇ ಇಲ್ಲದೆ ಗೆರೆ ಮಸುಕಾಗಿ ಆರಂಭವಾಗಿ ನಿಧಾನವಾಗಿ ಗಾಢವಾಗುತ್ತಿದ್ದರೆ ನಿಬ್ಬಿನ ತುದಿ ಒಣಗಿದೆ. ಚುಕ್ಕಿಯೂ ಇಲ್ಲ, ಮಸುಕೂ ಇಲ್ಲ, ಗೆರೆ ಮಾತ್ರ ಮಿಲಿಮೀಟರಿನಷ್ಟು ತಡವಾಗಿ ಗಾಢವಾಗಿಯೇ ಶುರುವಾಗಿದೆಯೆಂದರೆ, ಪೆನ್ನು ಹಾಳೆಯನ್ನು ಮುಟ್ಟುವ ಮೊದಲೇ ಯಂತ್ರ ಚಲಿಸತೊಡಗಿದೆ. ಆಗ ಪೆನ್ ಇಳಿಸುವ ಆದೇಶದ ನಂತರ ವಿರಾಮ ಸೇರಿಸಬೇಕು. ಜಿಆರ್‌ಬಿಎಲ್‌ನಲ್ಲಿ ‘ಜಿ4 ಪಿ0.2’ ಎಂದರೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ವಿರಾಮ. ಇಂಥದ್ದೇ ಇನ್ನೊಂದು ತಂತ್ರಾಂಶವಾದ ಮಾರ್ಲಿನ್‌ನಲ್ಲಿ ಇದೇ ‘ಪಿ’ ಮಿಲಿಸೆಕೆಂಡುಗಳ ಲೆಕ್ಕದಲ್ಲಿರುವುದರಿಂದ ಅಲ್ಲಿ 200 ಎಂದು ಬರೆಯಬೇಕು. ಒಂದು ಯಂತ್ರದ ಕಡತವನ್ನು ಇನ್ನೊಂದಕ್ಕೆ ಒಯ್ದಾಗ ಗೆರೆಗಳ ಆರಂಭ ಕೆಡುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ವಿರಾಮ ಹೆಚ್ಚಾದರೂ ಕಷ್ಟವೇ. ನಿಂತಲ್ಲಿಯೇ ನಿಂತ ನಿಬ್ಬಿನಿಂದ ಶಾಯಿ ಹಾಳೆಗೆ ಇಂಗಿ ಗೆರೆಯ ಎರಡು ತುದಿಗಳಲ್ಲಿ ದಪ್ಪ ಬೊಟ್ಟುಗಳಾಗುತ್ತವೆ. ಚೌಕಗಳ ಮೂಲೆಗಳು ಮಾತ್ರ ಕಪ್ಪಾಗಿದ್ದರೆ ಅದು ವಿರಾಮದ ತಪ್ಪಲ್ಲ. ಯಂತ್ರ ಮೂಲೆಯಲ್ಲಿ ವೇಗ ಕಳೆದುಕೊಂಡು ಮತ್ತೆ ಗಳಿಸುವಾಗ ಅಲ್ಲಿ ಹೆಚ್ಚು ಶಾಯಿ ಇಳಿಯುತ್ತದೆ. ಗರಿಷ್ಠ ವೇಗವನ್ನು ಇಳಿಸಿದರೆ ಮೂಲೆಯ ವೇಗಕ್ಕೂ ನೇರ ಗೆರೆಯ ವೇಗಕ್ಕೂ ಇರುವ ಅಂತರ ಕಡಿಮೆಯಾಗಿ ಗೆರೆ ಒಂದೇ ಸಮನಾಗುತ್ತದೆ. ಜಿಆರ್‌ಬಿಎಲ್‌ನ $120 ಮತ್ತು $121 ಎಂಬ ಸೆಟ್ಟಿಂಗ್‌ಗಳಲ್ಲಿ ವೇಗವರ್ಧನೆಯನ್ನು ಏರಿಸುವುದು ಇನ್ನೊಂದು ದಾರಿ, ಆದರೆ ಹಗುರ ಚೌಕಟ್ಟಿನ ಯಂತ್ರಗಳು ಅದರಿಂದ ನಡುಗಿ ಗೆರೆಯನ್ನು ಅಲುಗಿಸುತ್ತವೆ. ಹಾಗಾಗಿ ವೇಗ ತಗ್ಗಿಸುವುದೇ ಮೇಲು.

ನೇರ ಗೆರೆ ಮತ್ತು ಸುರುಳಿ ಚೆನ್ನಾಗಿ ಆರಂಭವಾಗಿ ಹೋಗುತ್ತಾ ಹೋಗುತ್ತಾ ತೆಳುವಾದರೆ ಶಾಯಿಯ ಪೂರೈಕೆ ವೇಗಕ್ಕೆ ಸಾಲುತ್ತಿಲ್ಲ. ಒಂದೇ ಗೆರೆಯನ್ನು ಬೇರೆ ಬೇರೆ ವೇಗಗಳಲ್ಲಿ ಎಳೆದು, ತುಂಡಾಗದೆ ಬಂದ ಅತಿ ಹೆಚ್ಚಿನ ವೇಗವನ್ನು ಗುರುತಿಸಿ, ಅದಕ್ಕಿಂತ ಕಾಲುಭಾಗ ಕಡಿಮೆ ವೇಗದಲ್ಲಿ ಚಿತ್ರ ಬಿಡಿಸುವುದು ಸುರಕ್ಷಿತ, ಏಕೆಂದರೆ ಪೆನ್ನು ಖಾಲಿಯಾಗುತ್ತಾ ಬಂದಂತೆ ಅದರ ಹರಿವೂ ಕುಗ್ಗುತ್ತದೆ.

ಪುಟ್ಟ ವೃತ್ತಗಳ ಆರಂಭ ಮತ್ತು ಅಂತ್ಯ ಕೂಡಿಕೊಳ್ಳದೆ ಬಾಯಿ ತೆರೆದಿದ್ದರೆ ಶಾಯಿಗೂ ಅದಕ್ಕೂ ಸಂಬಂಧವಿಲ್ಲ. ಪೆನ್ನು ಹಿಡಿಕೆಯಲ್ಲಿ ಅಲುಗುತ್ತಿದೆ, ಇಲ್ಲವೇ ಬೆಲ್ಟ್ ಸಡಿಲವಾಗಿದೆ. ನಿಬ್ಬನ್ನು ಬೆರಳಿನಿಂದ ಮೆಲ್ಲಗೆ ಅತ್ತಿತ್ತ ತಳ್ಳಿ ನೋಡಿ: ಪೆನ್ನೊಂದೇ ಅಲುಗಿದರೆ ಅದರ ಸುತ್ತ ಟೇಪ್ ಸುತ್ತಿ ಹಿಡಿಕೆಗೆ ಬಿಗಿಯಾಗಿ ಕೂರಿಸಿ, ಹಿಡಿಕೆಯೇ ಅಲುಗಿದರೆ ಸ್ಕ್ರೂ ಬಿಗಿಮಾಡಿ.

ಪೆನ್ನಿನ ಜಾತಿಗೆ ತಕ್ಕ ಉಪಚಾರ

ಪಿಗ್ಮಾ ಮೈಕ್ರಾನ್, ಸ್ಟೆಡ್ಲರ್ ಪಿಗ್ಮೆಂಟ್ ಲೈನರ್ ಮುಂತಾದ ಫೈನ್‌ಲೈನರ್‌ಗಳಲ್ಲಿ ಮೃದುವಾದ ತುದಿಯೊಂದು ಸಣ್ಣ ಲೋಹದ ಕೊಳವೆಯೊಳಗೆ ಕೂತಿರುತ್ತದೆ. ಒತ್ತಡ ಹೆಚ್ಚಾದರೆ ತುದಿ ಕೊಳವೆಯೊಳಕ್ಕೆ ಸರಿದು ಲೋಹವೇ ಹಾಳೆಯನ್ನು ಕೆರೆಯುತ್ತದೆ. ಕರಕರ ಸದ್ದು ಬಂದರೆ ಪೆನ್ನು ಮುಗಿಯಿತೆಂದೇ ತಿಳಿಯಬೇಕು. ಇವುಗಳನ್ನು ನೆಟ್ಟಗೆ ನಿಲ್ಲಿಸಿಯೇ ಬಳಸಬೇಕು. ಮೈಕ್ರಾನ್‌ನಲ್ಲಿ ‘01’ ಎಂದಿರುವುದು 0.1 ಮಿ.ಮೀ. ಅಲ್ಲ, 0.25 ಮಿ.ಮೀ.; ‘05’ ಎಂದರೆ 0.45 ಮಿ.ಮೀ. ಆಕೃತಿಯ ಒಳಭಾಗವನ್ನು ತುಂಬುವ ಗೆರೆಗಳ ನಡುವಿನ ಅಂತರವನ್ನು ಲೆಕ್ಕ ಹಾಕುವವರು ಇದನ್ನು ನೆನಪಿಡಬೇಕು. ತುದಿ ಸವೆದಂತೆ ಗೆರೆ ದಪ್ಪವಾಗುವುದರಿಂದ, ಸಣ್ಣ ವಿವರಗಳಿಗೆ ಹೊಸ ಪೆನ್ನನ್ನೂ, ತುಂಬುವ ಕೆಲಸಕ್ಕೆ ಸವೆದ ಪೆನ್ನನ್ನೂ ಮೀಸಲಿಟ್ಟರೆ ಖರ್ಚು ಉಳಿಯುತ್ತದೆ.

ಜೆಲ್ ಪೆನ್ನುಗಳಲ್ಲಿ ತುದಿಯ ಗುಂಡು ಉರುಳಿದರೆ ಮಾತ್ರ ಶಾಯಿ ಬರುತ್ತದೆ, ಹಾಗಾಗಿ ಮೊದಲ ಒಂದೆರಡು ಮಿಲಿಮೀಟರ್ ಖಾಲಿ ಹೋಗುವುದು ಅವುಗಳ ಸ್ವಭಾವ. ಚಿತ್ರದ ಹೊರಗೆ, ಕತ್ತರಿಸಿ ತೆಗೆಯುವ ಅಂಚಿನಲ್ಲಿ, ಕೆಲವು ಅಂಕುಡೊಂಕು ಗೆರೆಗಳನ್ನು ಪ್ರತಿ ಬಣ್ಣದ ಪದರದ ಮೊದಲಲ್ಲಿಯೇ ಸೇರಿಸಿಬಿಡಿ. ರೀಫಿಲ್‌ನಲ್ಲಿ ಗುಂಡಿನ ಹಿಂದೆ ಗಾಳಿಗುಳ್ಳೆ ಕೂತಿದ್ದರೆ ಎಷ್ಟು ಗೀಚಿದರೂ ಪ್ರಯೋಜನವಿಲ್ಲ. ಮುಚ್ಚಳ ಹಾಕಿ, ತುದಿ ಹೊರಮುಖವಾಗಿರುವಂತೆ ಹಿಡಿದು, ಹಳೆಯ ಪಾದರಸದ ಜ್ವರಮಾಪಕವನ್ನು ಒದರುವ ಹಾಗೆ ನಾಲ್ಕಾರು ಸಲ ಬಲವಾಗಿ ಒದರಬೇಕು. ಜೆಲ್ ಪೆನ್ನನ್ನು ತುದಿ ಕೆಳಗಾಗಿ ನಿಲ್ಲಿಸಿಡುವುದೂ ಈ ಕಾರಣಕ್ಕಾಗಿಯೇ.

ಫೌಂಟನ್ ಪೆನ್ನನ್ನು ಬಳಸುವವರು ಹಿಡಿಕೆಯನ್ನು ಓರೆಯಾಗಿ, ಸುಮಾರು 45 ಡಿಗ್ರಿ ಕೋನಕ್ಕೆ ತಿರುಗಿಸಿಕೊಳ್ಳಬೇಕು. ಅರಗಿನ ಅಂಶವಿರುವ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ಹಾಕಲೇಬಾರದು. ಒಣಗಿದ ಮೇಲೆ ಅದು ನೀರಿಗೆ ಕರಗದೆ ಒಳಗಿನ ಕಾಲುವೆಗಳನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ.

ಟೆಕ್ನಿಕಲ್ ಪೆನ್ನಿನ ಶುಚಿ

ಹಿಂದೆ ಆರ್ಕಿಟೆಕ್ಟ್‌ಗಳ ಕಚೇರಿಗಳಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ನಕ್ಷೆ ಬರೆಯಲು ಬಳಸುತ್ತಿದ್ದ ರಾಟ್ರಿಂಗ್ ಮಾದರಿಯ ಪೆನ್ನುಗಳು ಪ್ಲಾಟರ್‌ಗೆ ಬಹಳ ಚೆನ್ನಾಗಿ ಹೊಂದುತ್ತವೆ. ಗೆರೆಯ ದಪ್ಪ ಎಂದೂ ಬದಲಾಗುವುದಿಲ್ಲ, ನೆಟ್ಟಗೆ ನಿಂತು ಬರೆಯುವುದೇ ಅವುಗಳ ಧರ್ಮ. ಆದರೆ ಇಷ್ಟು ಆರೈಕೆ ಬೇಡುವ ಪೆನ್ನು ಬೇರೊಂದಿಲ್ಲ. ಇವುಗಳ ನಿಬ್ಬು ಒಂದು ಸೂಕ್ಷ್ಮ ಕೊಳವೆ. ಅದರೊಳಗೆ ಕೂದಲಿನಷ್ಟು ತೆಳುವಾದ ತಂತಿ, ತಂತಿಯ ಹಿಂತುದಿಗೆ ಸಣ್ಣ ತೂಕ. ಹಾಳೆ ಮುಟ್ಟಿದಾಗ ತಂತಿ ಒಳಸರಿದು ಶಾಯಿಗೆ ದಾರಿ ಬಿಡುತ್ತದೆ. ಪೆನ್ನನ್ನು ಅಡ್ಡಹಿಡಿದು ಮೆಲ್ಲಗೆ ಅಲುಗಿಸಿದರೆ ‘ಟಿಕ್ ಟಿಕ್’ ಎಂದು ಕೇಳುವುದು ಈ ತೂಕದ ಸದ್ದು. ಸದ್ದು ಕೇಳದಿದ್ದರೆ ಒಳಗೆ ಶಾಯಿ ಗಟ್ಟಿಯಾಗಿದೆ, ತೊಳೆಯಬೇಕು.

1. ಶಾಯಿಯ ಡಬ್ಬಿಯನ್ನು ತೆಗೆದು ಬೇರೆ ಇಡಿ. ನಿಬ್ ಭಾಗವನ್ನು ಅದಕ್ಕೆಂದೇ ಇರುವ ಕೀಲಿಯಿಂದ ಬಿಚ್ಚಿ. ಇಕ್ಕಳ ಬಳಸಿದರೆ ಪ್ಲಾಸ್ಟಿಕ್ ಎಳೆ ಒಡೆಯುತ್ತದೆ.

2. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸುಣ್ಣದಂಶ ಕೂತು ಹೊಸ ತೊಂದರೆ ಆಗುವುದರಿಂದ, ಇನ್ವರ್ಟರ್ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರನ್ನೇ ಬಳಸಿ.

3. ಸೂಜಿ ತೆಗೆದ ಸಿರಿಂಜ್‌ಗೆ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ, ನಿಬ್ಬಿನ ಹಿಂಬದಿಯಿಂದ ನೀರನ್ನು ನಿಧಾನವಾಗಿ ಒತ್ತಿ. ನಿಬ್ಬಿನ ತುದಿಯಿಂದ ತಿಳಿನೀರು ಬರುವವರೆಗೂ ಇದನ್ನು ಮುಂದುವರಿಸಿ.

4. 0.5 ಮಿ.ಮೀ. ಅಥವಾ ಅದಕ್ಕಿಂತ ದಪ್ಪದ ನಿಬ್ಬಿನ ತಂತಿಯನ್ನು ಹೊರತೆಗೆದು ಒರೆಸಬಹುದು. 0.35ಕ್ಕಿಂತ ತೆಳುವಾದವುಗಳ ತಂತಿಗೆ ಕೈ ಹಚ್ಚಬೇಡಿ. ಒಮ್ಮೆ ಬಾಗಿದರೆ ಅದನ್ನು ಮತ್ತೆ ಕೊಳವೆಗೆ ತೂರಿಸುವುದು ಅಸಾಧ್ಯವೆಂದೇ ಹೇಳಬೇಕು. ಇಂಥವಕ್ಕೆ ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಕೆಲವು ನಿಮಿಷ ಇಡುವುದು ಉತ್ತಮ.

5. ಎಳೆ ಬಿಡದ ಬಟ್ಟೆಯ ಮೇಲೆ ಪೂರ್ಣ ಒಣಗಿಸಿ. ಒಳಗೆ ಉಳಿದ ನೀರು ಹೊಸ ಶಾಯಿಯನ್ನು ತೆಳುವಾಗಿಸಿ ಮೊದಲ ಹಾಳೆಯನ್ನೇ ಕೆಡಿಸುತ್ತದೆ.

ತುಂಬುವಾಗ ಡಬ್ಬಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಶಾಯಿ ಬೇಡ. ಹಾಗೆಂದು ಖಾಲಿಯಾಗುವವರೆಗೂ ಬಿಡುವುದೂ ಸರಿಯಲ್ಲ, ಏಕೆಂದರೆ ಡಬ್ಬಿಯಲ್ಲಿ ಗಾಳಿ ಹೆಚ್ಚಿದಷ್ಟೂ ಬಿಸಿಲು ಅಥವಾ ಮೋಟರಿನ ಕಾವಿಗೆ ಅದು ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ. ಬೇಸಿಗೆಯ ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಬ್ಬಿನಿಂದ ಹನಿ ಬಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಹಾಳೆಯ ಆಯ್ಕೆಯೂ ಮುಖ್ಯ: ಒರಟು ಡ್ರಾಯಿಂಗ್ ಹಾಳೆಯಿಂದ ಏಳುವ ನಾರು ಕೊಳವೆಯ ಬಾಯಿಗೆ ಅಂಟಿಕೊಳ್ಳುತ್ತದೆ, ಪಾಲಿಯೆಸ್ಟರ್ ಡ್ರಾಫ್ಟಿಂಗ್ ಫಿಲ್ಮ್ ಉಕ್ಕಿನ ನಿಬ್ಬನ್ನು ಬೇಗ ಸವೆಸುತ್ತದೆ. ಅಂಥ ಫಿಲ್ಮ್‌ಗೆಂದೇ ಟಂಗ್‌ಸ್ಟನ್ ಕಾರ್ಬೈಡ್ ಮತ್ತು ರತ್ನದ ತುದಿಯ ನಿಬ್ಬುಗಳು ಬಂದವು.

ದಿನನಿತ್ಯ ಪಾಲಿಸಬೇಕಾದವು

ಪೆನ್ನಿಗೆ ಮುಚ್ಚಳವಿಲ್ಲದೆ ಕಳೆಯುವ ಪ್ರತಿ ನಿಮಿಷವೂ ನಷ್ಟವೇ. ಫ್ಯಾನಿನ ಗಾಳಿ ನೇರವಾಗಿ ಬೀಳುವ ಜಾಗದಲ್ಲಿ ಪ್ಲಾಟರ್ ಇಡಬೇಡಿ. ಬಯಲುಸೀಮೆಯ ಬೇಸಿಗೆಯಲ್ಲಂತೂ ಪೆನ್ನು ಮೇಲೆದ್ದು ದೂರದ ಗೆರೆಗೆ ಹೋಗುವಷ್ಟರಲ್ಲಿ ತುದಿ ಒಣಗತೊಡಗುತ್ತದೆ. ಗೆರೆಗಳ ಕ್ರಮವನ್ನು ಸರಿಪಡಿಸಿದರೆ ಈ ಓಡಾಟವೇ ಕಡಿಮೆಯಾಗುತ್ತದೆ. ವಿಪೈಪ್ ಎಂಬ ಉಚಿತ ತಂತ್ರಾಂಶದ ‘ಲೈನ್‌ಮರ್ಜ್’ ತುದಿ ಕೂಡುವ ಗೆರೆಗಳನ್ನು ಒಂದಾಗಿಸುತ್ತದೆ, ‘ಲೈನ್‌ಸಾರ್ಟ್’ ಹತ್ತಿರದ ಗೆರೆಗಳನ್ನು ಒಂದರ ಹಿಂದೊಂದು ಜೋಡಿಸುತ್ತದೆ. ಪೆನ್ನು ಎತ್ತಿಳಿಸುವ ಸಂಖ್ಯೆ ಇಳಿದಷ್ಟೂ ನಿಬ್ಬಿಗೆ ಬೀಳುವ ಪೆಟ್ಟೂ ಇಳಿಯುತ್ತದೆ. ಪೆನ್ನಿನ ಆರೈಕೆಯಲ್ಲಿ ಅರ್ಧಪಾಲು ಹೀಗೆ ಕಡತದಲ್ಲಿಯೇ ಆಗುವಂಥದ್ದು ಎಂಬುದು ನನ್ನ ಅಭಿಪ್ರಾಯ. ಒಂದೇ ಜಾಗದಲ್ಲಿ ಆರಂಭವಾಗುವ ವೃತ್ತಗಳ ಬೊಟ್ಟುಗಳು ಸಾಲಾಗಿ ಎದ್ದು ಕಾಣುತ್ತಿದ್ದರೆ ಅದೇ ತಂತ್ರಾಂಶದ ‘ರೀಲೂಪ್’ ಆರಂಭದ ಬಿಂದುಗಳನ್ನು ಚದುರಿಸುತ್ತದೆ.

ಕೆಲಸ ಮುಗಿದ ಮೇಲೆ ಫೈನ್‌ಲೈನರ್‌ಗಳನ್ನು ಮಲಗಿಸಿ, ಟೆಕ್ನಿಕಲ್ ಪೆನ್ನುಗಳನ್ನು ನಿಬ್ಬು ಮೇಲಾಗಿ ಇಡಿ. ಹಲವು ವಾರ ಬಳಸುವುದಿಲ್ಲವೆಂದು ಗೊತ್ತಿದ್ದರೆ ಟೆಕ್ನಿಕಲ್ ಪೆನ್ನನ್ನು ತೊಳೆದು ಖಾಲಿಯಾಗಿಯೇ ಇಡಬೇಕು. ಪ್ರತಿ ಪೆನ್ನಿಗೂ ಸಣ್ಣ ಟೇಪ್ ಅಂಟಿಸಿ, ತೆರೆದ ದಿನಾಂಕವನ್ನೂ, ತಂತ್ರಾಂಶ ತೋರಿಸುವ ಗೆರೆಯ ಒಟ್ಟು ಉದ್ದವನ್ನೂ ಬರೆಯುತ್ತಾ ಹೋದರೆ, ದೊಡ್ಡ ಚಿತ್ರದ ನಡುವೆ ಯಾವ ಪೆನ್ನು ಕೈಕೊಡಬಹುದೆಂಬ ಅಂದಾಜು ಮೊದಲೇ ಸಿಗುತ್ತದೆ.

ಹಳೆಯ ಯಂತ್ರಗಳಲ್ಲಿ

ಎಚ್‌ಪಿ 7475ಎಯಲ್ಲಿ ಆರು ಪೆನ್ನುಗಳು ತಿರುಗುವ ಕ್ಯಾರೌಸೆಲ್‌ನಲ್ಲಿ ಕೂತಿರುತ್ತವೆ, ಅಲ್ಲಿನ ರಬ್ಬರ್ ಟೊಪ್ಪಿಗೆಗಳೇ ಅವುಗಳ ಮುಚ್ಚಳ. ಇಷ್ಟು ವರ್ಷಗಳಲ್ಲಿ ಆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುವುದರಿಂದ ಪೆನ್ನುಗಳು ರಾತ್ರಿ ಕಳೆಯುವುದರೊಳಗೆ ಒಣಗುತ್ತವೆ. ಕೆಲಸ ಮುಗಿದ ಕೂಡಲೇ ಪೆನ್ನುಗಳನ್ನು ತೆಗೆದು ಅವುಗಳ ಸ್ವಂತ ಮುಚ್ಚಳ ಹಾಕಿಡುವುದೇ ಇದಕ್ಕೆ ಖಚಿತ ಪರಿಹಾರ. ಒಣಗಿದ ಫೈಬರ್ ತುದಿಯ ಪೆನ್ನಿನ ಶಾಯಿ ನೀರಿನ ಆಧಾರದ್ದಾಗಿದ್ದರೆ, ತುದಿಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕ್ಷಣಕಾಲ ಅದ್ದಿ, ಮುಚ್ಚಳ ಹಾಕಿ ಒಂದು ದಿನ ಬಿಟ್ಟರೆ ಕೆಲವೊಮ್ಮೆ ಜೀವ ಬರುತ್ತದೆ. ಪಾರದರ್ಶಕ ಹಾಳೆಯ ಪೆನ್ನುಗಳಿಗೆ ಇದು ಒಗ್ಗದು.

ಈ ಯಂತ್ರ ಸೆಕೆಂಡಿಗೆ 38.1 ಸೆಂ.ಮೀ. ವೇಗದವರೆಗೂ ಗೆರೆ ಎಳೆಯಬಲ್ಲದು, ಎಂದರೆ ನಿಮಿಷಕ್ಕೆ 22,860 ಮಿ.ಮೀ. ಇಂದಿನ ಜೆಲ್ ಪೆನ್ನು ಅಥವಾ ಫೈನ್‌ಲೈನರ್ ಇಷ್ಟು ವೇಗಕ್ಕೆ ಶಾಯಿ ಕೊಡಲಾರದು. ಎಚ್‌ಪಿಜಿಎಲ್ (ಈ ಯಂತ್ರದ ಆದೇಶಭಾಷೆ) ಕಡತದ ಆರಂಭದಲ್ಲಿ ‘ವಿಎಸ್10’ ಎಂದು ಸೇರಿಸಿ ವೇಗವನ್ನು ಸೆಕೆಂಡಿಗೆ 10 ಸೆಂ.ಮೀ.ಗೆ ಇಳಿಸಿ, ಬೇಕಿದ್ದರೆ ಇನ್ನೂ ತಗ್ಗಿಸಿ. ಮೂಲ ಪೆನ್ನುಗಳು ಬಹುಮಟ್ಟಿಗೆ ಹಳೆಯ ದಾಸ್ತಾನಾಗಿರುವುದರಿಂದ ಹಲವರು 3ಡಿ ಪ್ರಿಂಟ್ ಮಾಡಿದ ಅಡಾಪ್ಟರ್‌ನಲ್ಲಿ ಈಗಿನ ರೀಫಿಲ್ ಕೂರಿಸುತ್ತಾರೆ. ಆಗ ಅಡಾಪ್ಟರ್‌ನ ಪಟ್ಟಿಯಿಂದ ತುದಿಯವರೆಗಿನ ಉದ್ದ ಮೂಲ ಪೆನ್ನಿನಷ್ಟೇ ಇರಬೇಕು. ಹೆಚ್ಚಾದರೆ ಪೆನ್ನು ಎತ್ತಿದಾಗಲೂ ಹಾಳೆಯ ಮೇಲೆ ಎಳೆದುಕೊಂಡು ಹೋಗುತ್ತದೆ, ಕಡಿಮೆಯಾದರೆ ಇಳಿಸಿದಾಗಲೂ ಮುಟ್ಟುವುದಿಲ್ಲ.

ಚಿತ್ರದ ನಡುವೆ ಪೆನ್ನು ನಿಂತರೆ

ಮೊದಲ ನಿಯಮ, ಹಾಳೆಯನ್ನು ಮುಟ್ಟಬಾರದು. ಜಿಆರ್‌ಬಿಎಲ್‌ನಲ್ಲಿ ಯಂತ್ರವನ್ನು ತಡೆಹಿಡಿದಾಗ ಚಲನೆ ನಿಲ್ಲುತ್ತದೆಯೇ ಹೊರತು ಪೆನ್ನು ತಾನಾಗಿ ಮೇಲೇಳುವುದಿಲ್ಲ, ಹಾಗಾಗಿ ಗೆರೆಯ ನಡುವೆ ತಡೆಹಿಡಿದರೆ ಅಲ್ಲಿ ಬೊಟ್ಟಾಗುತ್ತದೆ. ಪೆನ್ನು ಮೇಲೆದ್ದು ಸಾಗುವ ಕ್ಷಣಕ್ಕೆ ಕಾದು ತಡೆಹಿಡಿಯಿರಿ. ಬಣ್ಣದ ಪದರಗಳ ನಡುವೆ ಯಂತ್ರವನ್ನು ನಿಲ್ಲಿಸಿ ಕಾಯಿಸುವ ‘ಎಂ0’ ಆದೇಶವನ್ನು ಮೊದಲೇ ಸೇರಿಸಿದ್ದರೆ ಈ ಕಾಯುವಿಕೆಯೂ ಬೇಕಾಗುವುದಿಲ್ಲ. ಹೊಸ ಪೆನ್ನು ಹಾಕುವಾಗ ಹಳೆಯದರ ಎತ್ತರವೇ ಬರುವಂತೆ, ಮೊದಲ ಪೆನ್ನನ್ನು ಕೂರಿಸುವಾಗ ನಿಬ್ಬಿನ ಕೆಳಗೆ ಇಟ್ಟಿದ್ದ ರಟ್ಟಿನ ತುಂಡನ್ನೇ ಮತ್ತೆ ಇಟ್ಟು, ನಿಬ್ಬು ಅದಕ್ಕೆ ತಾಗಿದ ಮೇಲೆ ಸ್ಕ್ರೂ ಬಿಗಿಮಾಡಿ. ಆ ತುಂಡನ್ನು ಯಂತ್ರದ ಮೈಗೇ ಟೇಪಿನಿಂದ ಅಂಟಿಸಿಟ್ಟರೆ ಹುಡುಕುವ ಗೊಡವೆಯಿಲ್ಲ. ಒಂದೆರಡು ಗೆರೆಗಳಷ್ಟೇ ತಪ್ಪಿದ್ದರೆ ಇಡೀ ಚಿತ್ರವನ್ನು ಮರಳಿ ಬಿಡಿಸಬೇಡಿ: ಹಾಳೆಯನ್ನೂ ಯಂತ್ರದ ಮೂಲಬಿಂದುವನ್ನೂ ಕದಲಿಸದೆ, ತಪ್ಪಿದ ಗೆರೆಗಳನ್ನು ಮಾತ್ರ ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಬೇರೆ ಪದರಕ್ಕೆ ಸರಿಸಿ, ಆ ಪದರವೊಂದನ್ನೇ ಯಂತ್ರಕ್ಕೆ ಕಳುಹಿಸಿ.